ಹದಿನಾಲ್ಕು ಗಡಿಕಲ್ಲು, ನಾನು ಒತ್ತಿದ ಒಂದು ಗುಂಡಿ

ಆ ಗುಂಡಿಯನ್ನು ಒತ್ತಿದವನು ನಾನು. ಒತ್ತಿದ ಮೇಲೆ ದಿನಗಟ್ಟಲೆ ಸುಳ್ಳು ಹೊತ್ತುಕೊಂಡು ತಿರುಗಿದವನೂ ನಾನೇ. ಚೆಂಡಿಯಾದಲ್ಲಿ ಇಪ್ಪತ್ತೆರಡು ಮನೆಯವರ ಮುಂದೆ ಇದನ್ನು ಬಾಯಿಬಿಟ್ಟು ಹೇಳಿದ್ದೇನೆ. ಈಗ ಕಾಗದದ ಮೇಲೂ ಬರೆಯುತ್ತಿದ್ದೇನೆ. ಹೇಳಿದ ಸುದ್ದಿ ಕಾರವಾರ ಮುಟ್ಟಿದ ಮೇಲೆ ಕೆಲವರು ನನಗೆ ಬುದ್ಧಿ ಹೇಳಿದರು: ಸಾಕು, ಅಂಗಡಿ ಮುಚ್ಚಿ ಅಂಕೋಲೆಯ ಬೊಬ್ರುವಾಡದ ಮನೆಯಲ್ಲಿ ಕೂತುಕೊಳ್ಳಿ, ಎಸ್ಸೆಸ್ಸೆಲ್ಸಿ ಓದಿದವರಿಗೆ ಈ ಕಾಲದ ಯಂತ್ರಗಳ ಉಸಾಬರಿ ಯಾಕೆ ಅಂತ. ಮುಚ್ಚುವುದಿಲ್ಲ. ನನ್ನನ್ನು ಕೆಡಿಸಿದ್ದು ಓದಿನ ಕೊರತೆಯಲ್ಲ, ಜಂಭ. ಮುಂದಿನದನ್ನು ಓದಿದರೆ ನಿಮಗೇ ತಿಳಿಯುತ್ತದೆ.

ಜೂನ್ ಮಳೆ ಹಿಡಿದು ವಾರವಾಗಿತ್ತು. ಸೋಮವಾರ ಬೆಳಿಗ್ಗೆ ಕಾರವಾರದ ನನ್ನ ರಿಪೇರಿ ಅಂಗಡಿಯ ಬಾಗಿಲು ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಸರ್ವೆಯ ಹುಡುಗಿ ಬಗ್ಗಿ ಒಳಗೆ ಬಂದಳು. ವಯಸ್ಸು ಮೂವತ್ತು ದಾಟಿರಬೇಕು, ನನ್ನ ಬಾಯಲ್ಲಿ ಹುಡುಗಿಯೇ. ಜಮೀನು ಅಳೆದು ನಕ್ಷೆ ಮಾಡಿಕೊಡುವ ಕೆಲಸ ಅವಳದು. ಮನೆ ಚೆಂಡಿಯಾದಲ್ಲಿ. ನೌಕಾನೆಲೆಗೆ ಭೂಮಿ ಹೋದಾಗ ಎದ್ದು ಬಂದವರಿಗೆ ಕೊಟ್ಟ ನಿವೇಶನಗಳಲ್ಲಿ ಅವಳ ಅಪ್ಪನದೂ ಒಂದು. ಅವಳ ಬ್ಯಾಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾಮಾ, ಗಾಡಿ ಮೇಲೆ ಬರುವಾಗ ಬಿಣಗಾ ಹತ್ರ ಲಾರಿ ಹೊಂಡದ ನೀರು ಹಾರಿಸ್ಕಂಡು ಹೋಯ್ತು. ಎಲ್ಲಾ ಒದ್ದೆ. ಲ್ಯಾಪ್‌ಟಾಪ್ ಜೀವವೇ ಹಿಡೀತಿಲ್ಲ."

"ಒಣಗಿಸಿದ್ರೆ ಆಯ್ತು. ಅಳೂ ಮುಖ ಎಂತಕೆ?"

ಅವಳು ಬ್ಯಾಗಿನಿಂದ ಇನ್ನೊಂದು ವಸ್ತು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅವಳ ಅಳತೆಯ ಪುಸ್ತಕ. ಶಾಯಿ ಪುಟದಿಂದ ಪುಟಕ್ಕೆ ಹರಿದು ಎಲ್ಲಾ ನೀಲಿಯಾಗಿತ್ತು, ಒಂದು ಅಂಕಿಯೂ ಉಳಿದಿರಲಿಲ್ಲ. ಆಗ ಅವಳು ವಿಷಯ ಹೇಳಿದಳು. ಅವರ ನಿವೇಶನಗಳು ಎರಡು ಸಾಲು. ಮೇಲಿನ ಸಾಲಿನವರು ವರ್ಷಗಳಲ್ಲಿ ಕಾಂಪೌಂಡು, ಬಚ್ಚಲು, ಕೊಟ್ಟಿಗೆ ಎಂದು ಹಿಂದಕ್ಕೆ ಸರಿಯುತ್ತಾ ಬಂದಿದ್ದಾರೆ. ನೀರು ಹೋಗಲು ಬಿಟ್ಟಿದ್ದ ಜಾಗ ಕಾಣೆಯಾಗಿ, ಮಳೆಗಾಲದಲ್ಲಿ ಕೆಳಗಿನ ಸಾಲಿನ ಅಡಿಗೆಮನೆಗಳಲ್ಲಿ ಮೊಣಕಾಲಷ್ಟು ನೀರು. ಗಟಾರ ತೆಗೆಯೋಣ ಎಂದರೆ ನಿನ್ನ ಗಡಿ ಎಲ್ಲಿ, ನನ್ನ ಗಡಿ ಎಲ್ಲಿ ಎಂಬ ಜಗಳ. ಮೊದಲು ನೆಟ್ಟ ಗಡಿಕಲ್ಲುಗಳಲ್ಲಿ ಮೇಲಿನ ಸಾಲಿನ ಎರಡನ್ನು ಬಿಟ್ಟು ಉಳಿದವೆಲ್ಲ ಮಣ್ಣಿನಡಿ ಹೂತುಹೋಗಿದ್ದವು. ಅವುಗಳನ್ನು ನೆಡುವಾಗ ಕೂಲಿ ಮಾಡಿದ್ದ ಒಬ್ಬ ಮುದುಕರಿಗೆ ಮಾತ್ರ ಯಾವುದು ಎಲ್ಲಿ ಎಂಬ ನೆನಪಿತ್ತು. ಅವರು ಬೇಸಿಗೆಯಲ್ಲಿ ಕೋಲೂರಿಕೊಂಡು ನಡೆದು ಒಂದೊಂದನ್ನೂ ತೋರಿಸಿದ್ದರು. ಇವಳು ಎರವಲು ತಂದ ಅಳತೆಯ ಯಂತ್ರದಿಂದ ಒಂದೊಂದು ಜಾಗವನ್ನೂ ಗುರುತಿಸಿಕೊಂಡಿದ್ದಳು. ಮೇಲಿನ ಸಾಲಿನ ಕಲ್ಲುಗಳ ಅಳತೆ ಬೇರೆ ಕಡೆ ಪ್ರತಿ ಇತ್ತು. ಕೆಳಗಿನ ಸಾಲಿನ ಹದಿನಾಲ್ಕು ಕಲ್ಲುಗಳದು ಈ ಲ್ಯಾಪ್‌ಟಾಪಿನಲ್ಲಿ ಮತ್ತು ಈ ನೀಲಿ ಪುಸ್ತಕದಲ್ಲಿ ಮಾತ್ರ.

"ಹಂಗಾರೆ ಆ ಅಜ್ಜರನ್ನ ಇನ್ನೊಂದ್ಸಲ ಕರ್ಕಂಡು ಹೋದ್ರಾಯ್ತು" ಎಂದೆ.

"ಅಜ್ಜ ಹೋದ್ರು ಮಾಮಾ. ಮಳೆ ಬೀಳೂ ಮೊದಲೇ."

ಹೊರಡುವ ಮೊದಲು ಬಾಗಿಲಲ್ಲಿ ನಿಂತು ಹೇಳಿದಳು: "ಒಳಗೆ ಎರಡು ಡಿಸ್ಕ್ ಜೋಡಿಸಿ ಒಂದೇ ಮಾಡಿದ್ದಾರೆ. ರೇಡ್ ಅಂತಾರೆ. ವಿಂಡೋಸೂ ಇದೆ, ಲಿನಕ್ಸೂ ಇದೆ. ದಯವಿಟ್ಟು ಅದಕ್ಕೆ ಎಂತದೂ ಮಾಡಬೇಡಿ. ಒಣಗಿಸಿ ಕೊಡಿ, ಸಾಕು."

"ನೀನು ಹುಟ್ಟೂ ಮೊದಲು ನಾನು ಈ ಮೇಜಿನ ಹಿಂದೆ ಕೂತಿದ್ದೆ ತಂಗೀ" ಎಂದೆ. ಆ ಮಾತು ಆಡಿದ್ದಕ್ಕೆ ಈಗಲೂ ನಾಚಿಕೆ.

ನಮ್ಮ ಕಡಲ ಬದಿಯ ಹಳೆಯ ರಿಪೇರಿಯವರಲ್ಲಿ ಒಂದು ಪದ್ಧತಿ ಇದೆ. ಪ್ಲೈವುಡ್ಡಿನ ಒಂದು ಪೆಟ್ಟಿಗೆ, ಒಳಗೆ ನಲವತ್ತು ವ್ಯಾಟಿನ ಹಳದಿ ಬಲ್ಬು. ಮಳೆಗಾಲದಲ್ಲಿ ರೇಡಿಯೋ, ಟೀವಿಗಳ ಬೋರ್ಡು ಬಿಚ್ಚಿ ಆ ಪೆಟ್ಟಿಗೆಯಲ್ಲಿಟ್ಟು ಬಲ್ಬು ಉರಿಸಿ ಬಿಟ್ಟರೆ ಮರುದಿನಕ್ಕೆ ತೇವ, ಉಪ್ಪಿನ ಅಂಟು ಎಲ್ಲ ಬಿಡುತ್ತದೆ. ಒಂದೇ ನಿಯಮ: ಒಳಗಿಡುವ ಮೊದಲು ಬ್ಯಾಟರಿ ಎನ್ನುವಂಥದ್ದು ಏನಿದ್ದರೂ ಕಿತ್ತು ಹೊರಗಿಡಬೇಕು. ಬಿಸಿಗೆ ಸೋರಿದರೆ ಬೋರ್ಡಿನ ತಾಮ್ರವನ್ನೇ ತಿಂದುಬಿಡುತ್ತದೆ. ನಾನು ದೊಡ್ಡ ಬ್ಯಾಟರಿ ತೆಗೆದೆ. ಬೋರ್ಡಿನ ಮೂಲೆಯಲ್ಲಿದ್ದ ಗುಂಡನೆಯ ಚಿಕ್ಕ ಸೆಲ್ಲನ್ನೂ ತೆಗೆದೆ. ಡಿಸ್ಕುಗಳನ್ನು ಬಿಚ್ಚಿ ಒರೆಸಿ ಪಕ್ಕಕ್ಕಿಟ್ಟೆ. ಕೈ ತಾನಾಗಿ ಮಾಡುವ ಕೆಲಸ, ತಲೆಯನ್ನು ಕೇಳುವುದಿಲ್ಲ.

ಆ ಚಿಕ್ಕ ಸೆಲ್ಲು ಯಂತ್ರದ ಗಡಿಯಾರವನ್ನೂ ಅದರ ಮೂಲ ಸೆಟ್ಟಿಂಗುಗಳನ್ನೂ ಕಾಯುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ತೆಗೆಯುವ ಮೊದಲು ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳಬೇಕಿತ್ತು. ಆದರೆ ಯಂತ್ರ ಜೀವ ಹಿಡಿಯುತ್ತಿರಲಿಲ್ಲ, ಬರೆದುಕೊಳ್ಳಲು ಆಗುವಂತಿರಲಿಲ್ಲ. ಹಾಗಿದ್ದರೆ ಕನಿಷ್ಠ, ಏನು ಕಳೆದುಹೋಗಬಹುದು ಎಂದು ಅವಳ ಹತ್ತಿರ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಎಲ್ಲ ಜೋಡಿಸಿ ಗುಂಡಿ ಅದುಮಿದೆ. ಫ್ಯಾನು ತಿರುಗಿತು, ಬೆಳಕು ಬಂತು. ನನಗೆ ಹಿಗ್ಗು. ಮರುಕ್ಷಣ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು: ಅಂಥ ಸಾಧನ ಇಲ್ಲ ಎಂಬ ಒಂದು ಸಾಲು, ಅದರ ಮುಂದೆ ಉದ್ದನೆಯ ಗುರುತಿನ ಸಂಖ್ಯೆ, ಕೆಳಗೆ ಗ್ರಬ್ ರೆಸ್ಕ್ಯೂ ಎಂದು ಬರೆದು ಮಿನುಗುವ ಗೆರೆ. ಗ್ರಬ್ ಎಂದರೆ ಯಂತ್ರ ಎದ್ದಾಗ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳುವ ಬಾಗಿಲಿನವನು. ಅವನು ಬಾಗಿಲಲ್ಲಿದ್ದ, ಒಳಗಿನ ಮನೆಯೇ ಸಿಗುತ್ತಿಲ್ಲ ಎನ್ನುತ್ತಿದ್ದ. ಬೂಟ್ ಪಟ್ಟಿಯಿಂದ ನೇರವಾಗಿ ವಿಂಡೋಸ್ ಆರಿಸಿದೆ. ನೀಲಿ ಪರದೆ ಬಂತು: ಬೇಕಾದ ಸಾಧನವನ್ನು ತಲುಪಲಾಗುತ್ತಿಲ್ಲ.

ಇಬ್ಬರೂ ಒಂದೇ ದೂರು ಹೇಳಿದಾಗ ಬಾಗಿಲಿನವನನ್ನು ಬಯ್ಯಬಾರದು, ಮನೆ ಎಲ್ಲಿ ಹೋಯಿತು ಎಂದು ಹುಡುಕಬೇಕು. ಸೆಟ್ಟಿಂಗಿನ ಪುಟ ತೆಗೆದೆ. ಗಡಿಯಾರದ ಇಸವಿ ಎಷ್ಟೋ ಹಿಂದಕ್ಕೆ ಹೋಗಿತ್ತು. ಅಂದರೆ ಸೆಲ್ಲು ತೆಗೆದಾಗ ಎಲ್ಲ ಅಳಿಸಿದೆ ಎಂದು ಆ ಇಸವಿಯೇ ಕೂಗಿ ಹೇಳುತ್ತಿತ್ತು. ನಾನು ಗಡಿಯಾರ ಸರಿ ಮಾಡಿ, ಎರಡನೆಯ ಪುಟ ನೋಡದೆ, ಹೊರಗೆ ಬಂದೆ. ಅಷ್ಟರಲ್ಲಿ ಅವಳ ಫೋನು.

"ಎಂತಾ ಆಯ್ತು ಮಾಮಾ?"

"ಜೀವ ಬಂತು. ಆದ್ರೆ ನಿನ್ನ ಲಿನಕ್ಸ್ ಬೂಟ್ ಕೆಡಿಸಿ ಇಟ್ಟಿದೆ. ಎರಡೆರಡು ಹಾಕ್ಕಂಡ್ರೆ ಹಿಂಗೇ ಆಗೂದು."

"ನಾನೇ ಹಾಕಿದ್ದು ಅದು" ಎಂದಳು.

ಇಸವಿ ಕಂಡ ಮೇಲೂ ನಾನು ಆ ಮಾತು ಹೇಳಿದೆ. ಆಗ ಗೊತ್ತಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಪೂರ್ತಿ ಗೊತ್ತಿರಲಿಲ್ಲ, ಆದರೆ ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಡಿಸ್ಕುಗಳ ಪಟ್ಟಿ ತೆಗೆದೆ. ಮೂರು ಕಂಡವು. ಒಂದು ಪುಟ್ಟದು, ಅದರಲ್ಲಿ ಬೂಟಿನ ಭಾಗ. ಉಳಿದ ಎರಡು ಒಂದೇ ಅಳತೆಯವು, ಬೇರೆ ಬೇರೆಯಾಗಿ ನಿಂತಿದ್ದವು. ರೇಡ್ ಇದ್ದಾಗ ಅವೆರಡೂ ಒಂದೇ ಆಗಿ ಕಾಣಬೇಕು. ಅವಳ ಯಂತ್ರದಲ್ಲಿದ್ದ ಬಗೆ ಹೇಗೆಂದರೆ, ಪುಸ್ತಕದ ಹಾಳೆಗಳನ್ನು ಬಿಡಿಸಿ ಒಂದನ್ನು ಈ ಕಪಾಟಿನಲ್ಲಿ, ಮುಂದಿನದನ್ನು ಆ ಕಪಾಟಿನಲ್ಲಿ ಇಡುತ್ತಾ ಹೋದ ಹಾಗೆ. ಎರಡರಿಂದಲೂ ಒಟ್ಟಿಗೆ ಎಳೆಯುವುದರಿಂದ ವೇಗ. ಒಂದೇ ಕಪಾಟು ತೆರೆದರೆ ಓದಲು ಅರ್ಥವೇ ಆಗದ ಹಾಳೆಗಳು. ಮೊದಲ ಡಿಸ್ಕಿನ ಮೇಲೆ ಬೆರಳಿಟ್ಟೆ. ಒಂದು ಚೌಕ ಬಂತು: ಯಾವ ಭಾಗ ಎಲ್ಲಿದೆ ಎಂದು ಬರೆದಿಡುವ ವಿಭಾಗ ಪಟ್ಟಿಯ, ಡಿಸ್ಕಿನ ಕೊನೆಯಲ್ಲಿರಬೇಕಾದ ಪ್ರತಿ ಸರಿಯಾಗಿಲ್ಲ. ಕೆಳಗೆ ಎರಡು ಗುಂಡಿ. ಫಿಕ್ಸ್, ಇಗ್ನೋರ್.

ಸರಿಯಿಲ್ಲದ್ದನ್ನು ಸರಿಮಾಡುವುದೇ ನನ್ನ ಹೊಟ್ಟೆಪಾಡು. ಫಿಕ್ಸ್ ಒತ್ತಿದೆ.

ಅವಳು ಆ ಜೋಡಿಯ ಅರ್ಧ ಜಾಗವನ್ನೂ ಬಳಸಿರಲಿಲ್ಲ. ಬಳಸಿದ್ದರೆ, ಪಟ್ಟಿಯಲ್ಲಿರುವಷ್ಟು ಒಂದೇ ಡಿಸ್ಕಿನಲ್ಲಿ ಹಿಡಿಸುವುದಿಲ್ಲ ಎಂದು ಆ ಚೌಕ ತೋರಿಸಿದ ಸಲಕರಣೆ ನನ್ನನ್ನು ತಡೆಯುತ್ತಿತ್ತು. ತಡೆಯಲಿಲ್ಲ. ಒಂದು ಕ್ಷಣದಲ್ಲಿ ಮುಗಿದುಹೋಯಿತು. ಮತ್ತೆ ಎಬ್ಬಿಸಿದರೆ ಅದೇ ಕಪ್ಪು ಪರದೆ.

ಬುಧವಾರ, ಬೇರೆ ದಾರಿಯಿಲ್ಲದೆ, ಸೆಟ್ಟಿಂಗಿನ ಎರಡನೆಯ ಪುಟ ನೋಡಿದೆ. ಡಿಸ್ಕುಗಳನ್ನು ಹೇಗೆ ಕಾಣಬೇಕು ಎಂಬ ಸಾಲಿನಲ್ಲಿ ರೇಡ್ ಇರಬೇಕಾದಲ್ಲಿ ಸಾದಾ ವಿಧಾನ ಬಂದು ಕೂತಿತ್ತು. ಸೆಲ್ಲು ತೆಗೆದಾಗ ಕಾರ್ಖಾನೆಯ ಮೊದಲ ಸ್ಥಿತಿಗೆ ಮರಳಿತ್ತು, ಅಷ್ಟೇ. ಮಂಗಳವಾರ ಅದೊಂದು ಸಾಲು ಬದಲಿಸಿದ್ದರೆ ಎರಡು ನಿಮಿಷದ ಕೆಲಸ. ಅದನ್ನು ರೇಡಿಗೆ ತಿರುಗಿಸಿ ಎಬ್ಬಿಸಿದೆ. ಕೆಂಪು ಅಕ್ಷರದಲ್ಲಿ ಬಂತು: ಜೋಡಿ ವಿಫಲ. ಒಂದು ಡಿಸ್ಕು ಸದಸ್ಯ, ಇನ್ನೊಂದು ರೇಡಿಗೆ ಸೇರದ್ದು.

ಎರಡು ತಾಸು ಓದಿದ ಮೇಲೆ ಅರ್ಥವಾಯಿತು. ಈ ಜಾತಿಯ ರೇಡಿನಲ್ಲಿ, ನಾನು ಇಂಥ ಜೋಡಿಯವನು, ನನ್ನ ಸಂಗಾತಿ ಇಂಥದ್ದು ಎಂಬ ಗುರುತು ಡಿಸ್ಕಿನ ಕಟ್ಟಕಡೆಯ ಅಂಚಿನಲ್ಲಿ ಇರುತ್ತದೆ. ನಾನು ಫಿಕ್ಸ್ ಒತ್ತಿದಾಗ ವಿಭಾಗ ಪಟ್ಟಿಯ ಪ್ರತಿ ಅದೇ ಅಂಚಿಗೆ ಹೋಗಿ ಕೂತು ಆ ಗುರುತನ್ನು ಒರೆಸಿತ್ತು.

ಪಕ್ಕದ ಮೊಬೈಲ್ ಅಂಗಡಿಯವನು ಚಾ ತಂದವನು ನನ್ನ ಮುಖ ನೋಡಿದ. ನನಗಿಂತ ಮೂವತ್ತು ವರ್ಷ ಚಿಕ್ಕವನು, ದಿನಾ ನನ್ನನ್ನು ರೇಗಿಸುವವನು. ಅವನಿಗೆ ಎಲ್ಲ ಹೇಳಿದೆ.

"ಅಯ್ಯೋ ಮಾಮಾ, ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕಂತ್ರಿ? ಉಪ್ಪು ನೀರು ಹೊಕ್ಕಿ ಡಿಸ್ಕ್ ಸತ್ತಿದೆ ಅಂತ ಹೇಳಿ. ಲಾರಿಯವನ ತಲೆಗೆ ಕಟ್ಟಿ. ಅವ ಬಂದು ಕೇಳ್ತಾನಾ?"

"ಹೊಂಡದ ನೀರು ಉಪ್ಪಾ?"

"ಕಾರವಾರದಲ್ಲಿ ಮಳೆ ನೀರೂ ಉಪ್ಪೇ ಅಂತ ಹೇಳಿ."

ನಕ್ಕೆ. ನಕ್ಕಿದ್ದು ನೆನಪಿದೆ. ಅವನ ಎದುರಿಗೇ ಹುಬ್ಬಳ್ಳಿಯಲ್ಲಿ ಕಳೆದ ಫೈಲುಗಳನ್ನು ತೆಗೆದುಕೊಡುವ ಒಬ್ಬನಿಗೆ ಫೋನು ಮಾಡಿದೆ. ಅವನು ನನ್ನ ವಯಸ್ಸು ಕೇಳಿದ. ಆಮೇಲೆ ಏನು ಓದಿದ್ದೀರಿ ಎಂದ. "ಅಜ್ಜಾರ, ಇದು ರೇಡಿಯೋ ಅಲ್ರೀ. ಮುಟ್ಟಬ್ಯಾಡ್ರಿ, ಕಳಿಸ್ರಿ. ತಿಂಗಳಾಗ್ತೈತಿ, ಗ್ಯಾರಂಟಿ ಇಲ್ಲ" ಎಂದು ಇಟ್ಟುಬಿಟ್ಟ. ಮುಟ್ಟಬೇಡಿ ಎಂದದ್ದು ಸರಿಯೇ. ಉಳಿದ ಮಾತಿಗೆ ಮೈ ಉರಿಯಿತು. ತಿಂಗಳು ಕಾಯಲು ಯಾರಿಗೆ ಸಮಯವಿದೆ?

ಗುರುವಾರ ಮಧ್ಯಾಹ್ನ ಅವಳು ಬಂದಳು. ಈ ಸಲ ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೊಡೆ ಹಿಡಿದೇ ನಿಂತಳು.

"ಮಾಮಾ, ನೀವು ಹೇಳಿದ್ದನ್ನ ಊರಲ್ಲಿ ಹೇಳಿಬಿಟ್ಟೆ. ನಾನೇ ಎರಡೆರಡು ಹಾಕಿ ಕೆಡಿಸಿದ್ದು, ಅಜ್ಜ ತೋರಿಸಿದ ಕಲ್ಲೆಲ್ಲಾ ಹೋಯ್ತು ಅಂತ. ಮೇಲಿನ ಸಾಲಿನವ್ರಿಗೆ ಹಬ್ಬ. ಭಾನುವಾರ ಕೂತು, ಈಗಿರೂ ಕಾಂಪೌಂಡೇ ಗಡಿ ಅಂತ ಬರೆದು ಸಹಿ ಹಾಕ್ತಾರಂತೆ."

"ಕೆಳಗಿನವ್ರು?"

"ಅವ್ರು ನನ್ನ ಹತ್ರ ಮಾತೇ ಆಡೂದಿಲ್ಲ. ಅಜ್ಜನ ಹೆಂಡ್ತಿ ಒಬ್ರು ಮಾತ್ರ ಬಯ್ದ್ರು. ಬೇಸಿಗೇಲಿ ಉರಿ ಬಿಸಿಲಲ್ಲಿ ಮುದುಕರನ್ನ ನಡೆಸಿದ್ಯಲೇ, ಇದಕ್ಕಾ ಅಂತ ಕೇಳಿದ್ರು. ಎಂತಾ ಹೇಳೂದು ನಾನು?"

ಆಗ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. "ನೋಡ್ತೇನೆ" ಎಂದೆ. ಅವಳು ಕೊಡೆ ಸರಿಪಡಿಸಿಕೊಂಡು ಹೋದಳು. ಗುಂಡಿ ಒತ್ತಿದ್ದು ಅಜ್ಞಾನ ಎನ್ನಿ, ಒಪ್ಪುತ್ತೇನೆ. ಆ ಮೆಟ್ಟಿಲ ಮುಂದೆ ಸುಮ್ಮನೆ ಕೂತದ್ದಕ್ಕೆ ಅಜ್ಞಾನದ ನೆಪವಿಲ್ಲ.

ಸಂಜೆ ಅಂಕೋಲೆಯ ಬಸ್ಸು ಹಿಡಿದೆ. ಚೆಂಡಿಯಾದಲ್ಲಿ ಯಾರೋ ಕೈ ಮಾಡಿದರೆಂದು ಬಸ್ಸು ನಿಂತಿತು. ಕಿಟಕಿಯಿಂದ ಹೆದ್ದಾರಿಯ ಕೆಳಗಿನ ಮನೆಯೊಂದು ಕಾಣುತ್ತಿತ್ತು. ಒಬ್ಬ ಹೆಂಗಸು ಹಿತ್ತಿಲ ಬಾಗಿಲಲ್ಲಿ ನಿಂತು ಬಕೆಟಿನಿಂದ ನೀರು ಹೊರಗೆ ಚೆಲ್ಲುತ್ತಿದ್ದಳು. ಚೆಲ್ಲಿದ ನೀರು ಅಂಗಳ ಸುತ್ತಿ ಮತ್ತೆ ಹೊಸ್ತಿಲಿಗೇ ಬರುತ್ತಿತ್ತು. ಅದು ಅವಳಿಗೂ ಕಾಣುತ್ತಿತ್ತು, ಆದರೂ ಚೆಲ್ಲುತ್ತಿದ್ದಳು. ಬಸ್ಸು ಹೊರಟಿತು. ಅವರ್ಸಾ ದಾಟುವ ಹೊತ್ತಿಗೆ ಎರಡು ನಿರ್ಧಾರ ಮಾಡಿದ್ದೆ. ಒಂದು, ಇನ್ನು ಮುಂದೆ ಆ ಡಿಸ್ಕುಗಳ ಮೇಲೆ ಒಂದಕ್ಷರವನ್ನೂ ಬರೆಯುವುದಿಲ್ಲ. ಎರಡು, ಹುಬ್ಬಳ್ಳಿಗೆ ಕಳಿಸುವುದಿಲ್ಲ. ಗುರುತು ಹೋದರೇನು? ಹಾಳೆಗಳು ಎರಡೂ ಕಪಾಟಿನಲ್ಲಿ ಹಾಗೆಯೇ ಇವೆಯಲ್ಲ. ಯಾವುದು ಮೊದಲು, ಎಷ್ಟೆಷ್ಟು ಹಾಳೆಯ ಕಟ್ಟು ಎಂಬುದು ಗೊತ್ತಾದರೆ ಕೈಯಿಂದಲೇ ಜೋಡಿಸಬಹುದು.

ಶುಕ್ರವಾರ ಮೊದಲ ಬಸ್ಸಿಗೇ ಬಂದೆ. ಯಂತ್ರ ತಾನಾಗಿ ಏನಾದರೂ ರಿಪೇರಿಗೆ ಇಳಿದೀತೆಂದು ಎರಡೂ ಡಿಸ್ಕುಗಳನ್ನು ಬಿಚ್ಚಿ ನನ್ನ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಓದಲು ಮಾತ್ರ ಬಿಡಬೇಕು, ಬರೆಯಲು ಬಿಡಬಾರದು ಎಂಬ ಆಜ್ಞೆ ಮೊದಲು ಕೊಟ್ಟೆ. ಆಮೇಲೆ ಒಂದೊಂದನ್ನೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಖಾಲಿ ಜಾಗವನ್ನೂ ಬಿಡದೆ, ಹೊರಗಿನಿಂದ ಸಿಕ್ಕಿಸುವ ಒಂದು ದೊಡ್ಡ ಡಿಸ್ಕಿಗೆ ನಕಲು ಮಾಡಲು ಹಾಕಿದೆ. ಮಧ್ಯಾಹ್ನ ಕರೆಂಟು ಹೋಗಿ ಎರಡನೆಯದು ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿನಿಂದ. ಆ ದಿನ ಬೇರೆ ಯಾರ ಕೆಲಸವನ್ನೂ ಹಿಡಿಯಲಿಲ್ಲ. ಮಿಕ್ಸರ್ ತಂದ ಒಬ್ಬರು ಬೈದು ಹೋದರು.

ಶನಿವಾರ ನಕಲುಗಳ ಮೇಲೆ ಕೆಲಸ ಶುರು. ಅಸಲು ಡಿಸ್ಕುಗಳನ್ನು ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ, ನನ್ನ ಕೈಯನ್ನೇ ನಾನು ನಂಬದೆ. ಲಿನಕ್ಸಿನಲ್ಲಿ ಗುರುತು ಇಲ್ಲದ ಜೋಡಿಯನ್ನು ನಾವು ಹೇಳಿದ ಲೆಕ್ಕದಂತೆ ಕಟ್ಟಿಕೊಡುವ ಒಂದು ಆಜ್ಞೆ ಇದೆ. ಅದಕ್ಕೆ ಎರಡು ಸಂಗತಿ ಹೇಳಬೇಕು: ಯಾವ ಡಿಸ್ಕು ಮೊದಲು, ಒಂದೊಂದು ತುಂಡು ಎಷ್ಟು ದೊಡ್ಡದು. ಮೊದಲ ಸಲ ಅನುಕ್ರಮ ತಪ್ಪಿತು. ವಿಭಾಗಗಳ ಪಟ್ಟಿಯೇ ಬರಲಿಲ್ಲ. ಅದಲು ಬದಲು ಮಾಡಿದೆ. ಪಟ್ಟಿ ಬಂತು: ವಿಂಡೋಸಿನದು, ಲಿನಕ್ಸಿನದು, ಹೆಸರಿನ ಸಮೇತ.

ತುಂಡಿನ ಅಳತೆ ನೂರಿಪ್ಪತ್ತೆಂಟು ಕಿಲೋಬೈಟ್ ಎಂದು ಕೊಟ್ಟಿದ್ದೆ, ಹೆಚ್ಚಿನವು ಹಾಗಿರುತ್ತವೆಂದು ಓದಿ. ಲಿನಕ್ಸಿನ ವಿಭಾಗ ತೆರೆಯಲು ಹೋದರೆ ಒಪ್ಪಲಿಲ್ಲ. ಅರವತ್ತನಾಲ್ಕು ಕೊಟ್ಟೆ. ಹೆಸರು ಸರಿಯಾಗಿ ಬಂತು, ಒಳಗೆ ಕಾಲಿಟ್ಟರೆ ದೋಷ. ಇಲ್ಲೇ ಮೋಸ ಹೋಗುವುದು. ವಿಭಾಗದ ಮೊದಲ ತುಣುಕು ಯಾವ ಅಳತೆ ಕೊಟ್ಟರೂ ಸರಿಯಾದ ಜಾಗದಲ್ಲೇ ಬೀಳುತ್ತದೆ. ಅದರಿಂದ ಹೆಸರು ಯಾವಾಗಲೂ ಸರಿ ಕಾಣುತ್ತದೆ. ಹೆಸರು ಸರಿಯಿದೆ, ಒಳಗೆ ಮಾತ್ರ ಕೆಟ್ಟಿದೆ, ಹಾಗಾದರೆ ರಿಪೇರಿ ಮಾಡೋಣ ಎಂದುಕೊಂಡರೆ ಮುಗಿಯಿತು. ವಿಭಾಗವನ್ನು ಪರೀಕ್ಷಿಸುವ ಸಲಕರಣೆಯೂ ಕೇಳಿತು: ದೋಷಗಳನ್ನು ಸರಿಪಡಿಸಲೇ? ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಮಳೆ ನೋಡುತ್ತಾ ನಿಂತೆ. ಬೇಡ ಎಂದು ಹೇಳಲು ಅಷ್ಟು ಹೊತ್ತು ಬೇಕಾಯಿತು ನನಗೆ, ನಕಲಿನ ಮೇಲಾದರೂ.

ಮೂವತ್ತೆರಡು. ಇಲ್ಲ. ಹದಿನಾರು.

ಬಾಗಿಲು ತೆರೆಯಿತು. ಫೋಲ್ಡರುಗಳು ಸಾಲಾಗಿ ನಿಂತವು. ಹೆಸರನ್ನು ನಂಬಬಾರದೆಂದು ಕಲಿತಿದ್ದೆನಲ್ಲ, ಎಲ್ಲಕ್ಕಿಂತ ದೊಡ್ಡ ಒಂದು ಫೋಟೋ ತೆರೆದೆ. ಸಾವಿರ ತುಂಡುಗಳಲ್ಲಿ ಒಂದು ತಪ್ಪಿದ್ದರೂ ಅರ್ಧ ಚಿತ್ರ ಬೂದಿಬಣ್ಣವಾಗುತ್ತದೆ. ಚಿತ್ರ ಮೇಲಿನಿಂದ ಕೆಳಗೆ ಪೂರ್ತಿ ಬಂತು. ಲುಂಗಿ ಮೇಲೆತ್ತಿ ಕಟ್ಟಿದ ಒಬ್ಬ ಮುದುಕರು ಕೋಲಿನ ತುದಿಯನ್ನು ಬಾಳೆಯ ಬುಡಕ್ಕೆ ತಾಗಿಸಿ ನಿಂತಿದ್ದಾರೆ, ಕ್ಯಾಮೆರಾ ನೋಡದೆ, ನೆಲ ನೋಡುತ್ತಾ. ಪಕ್ಕದ ಫೈಲಿನಲ್ಲಿ ಹದಿನಾಲ್ಕು ಸಾಲು ಅಂಕಿಗಳು.

ಮೊಬೈಲ್ ಅಂಗಡಿಯವನು ಓಡಿ ಬಂದ. ನಾನು ಕೂಗಿದ್ದೆನಂತೆ, ನನಗೆ ಗೊತ್ತಿಲ್ಲ.

"ಭೇಷ್ ಮಾಮಾ! ಹುಬ್ಬಳ್ಳಿಯವಂಗೆ ಫೋನ್ ಮಾಡಿ, ರೇಡಿಯೋದವ್ರು ಮಾತಾಡೂದು ಅಂತ ಹೇಳಿ. ಆ ಹುಡುಗಿ ನಿಮ್ಮ ಕಾಲಿಗೆ ಬೀಳ್ತಾಳೆ ನೋಡಿ. ಅವಳು ಕೆಡಿಸಿದ್ದನ್ನ ನೀವು ಉಳಿಸಿಕೊಟ್ರಿ."

"ಕೆಡಿಸಿದ್ದು ನಾನು ಮಾರಾಯಾ."

"ಅದು ನಿಮ್ಗೂ ನಂಗೂ ಬಿಟ್ರೆ ಯಾರಿಗೆ ಗೊತ್ತು? ನಾನು ಹೇಳೂದಿಲ್ಲ. ಸುಮ್ನಿರಿ."

ಅವನು ಕೆಟ್ಟವನಲ್ಲ. ಅವನು ಹೇಳಿದ್ದು ನನ್ನ ಮನಸ್ಸಿನಲ್ಲೂ ಬಂದಿತ್ತು. ಗೆದ್ದವನಿಗೆ ಸುಳ್ಳು ಎಷ್ಟು ಹಗುರ! ಸೋತಿದ್ದರೆ ನಿಜ ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ. ಆದರೆ ಕಾಲಿಗೆ ಬೀಳುತ್ತಾಳೆ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅವಳಿಗೆ ಫೋನು ಮಾಡಿ ಫೈಲು ಸಿಕ್ಕಿದೆ, ಭಾನುವಾರ ನಾನೇ ತರುತ್ತೇನೆ ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವಳು ತಪ್ಪೊಪ್ಪಿಕೊಂಡ ಜಾಗದಲ್ಲೇ ಹೇಳಬೇಕಿತ್ತು.

ಭಾನುವಾರ ಬೆಳಿಗ್ಗೆ ಚೆಂಡಿಯಾದಲ್ಲಿ ಒಂದು ಮನೆಯ ತಗಡಿನ ಚಪ್ಪರದ ಕೆಳಗೆ ಎಲ್ಲ ಕೂತಿದ್ದರು. ಕೆಳಗಿನ ಸಾಲಿನವರು ನಿಂತಿದ್ದರು, ಕುರ್ಚಿಗಳೆಲ್ಲ ಮೇಲಿನ ಸಾಲಿಗೆ ಸೇರಿದ್ದವು. ಹುಡುಗಿ ಕಂಬದ ಹತ್ತಿರ ಒಬ್ಬಳೇ. ನಾನು ನಡುವೆ ಹೋಗಿ ನಿಂತೆ. ಕೂರಿ ಎಂದರು, ಕೂರಲಿಲ್ಲ.

"ಇವಳು ನಿಮ್ಮ ಹತ್ರ ಹೇಳಿದ್ದು ಸುಳ್ಳು" ಎಂದೆ. "ಆ ಸುಳ್ಳು ನಂದು. ಯಂತ್ರ ಕೆಡಿಸಿದ್ದು ನಾನು. ಮುಟ್ಟಬೇಡಿ ಅಂತ ಹೇಳಿ ಹೋಗಿದ್ಲು, ಮುಟ್ಟಿದೆ. ಮುಟ್ಟಿ ಕೆಡಿಸಿ ಅವಳ ತಲೆಗೆ ಕಟ್ಟಿದೆ. ಈಗ ನಾನೇ ರಿಪೇರಿ ಮಾಡಿ ಆ ಅಳತೆ ವಾಪಸ್ ತಂದಿದ್ದೇನೆ."

ಕಂಬದ ಕಡೆ ನೋಡುವ ಧೈರ್ಯ ನನಗಿರಲಿ ಎಂದು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣಿನಲ್ಲಿ ನೀರಿರಲಿಲ್ಲ, ಉರಿ ಇತ್ತು.

ಮೇಲಿನ ಸಾಲಿನ ಹಿರಿಯರೊಬ್ಬರು, ಈ ಸಭೆ ಕರೆದವರು, ನಕ್ಕರು. "ಒಳ್ಳೆ ನಾಟಕ. ಹುಡುಗಿ ಮರ್ಯಾದಿ ಉಳಿಸೂಕೆ ಮುದುಕರನ್ನ ಕರ್ಕಂಡು ಬಂದಿದ್ದಾರೆ. ಅಲ್ಲಾ ಮಾಸ್ತರೇ, ನೀವೇ ಕೆಡಿಸಿದ್ದು ಅಂತೀರಿ, ನೀವೇ ರಿಪೇರಿ ಮಾಡಿದ್ದು ಅಂತೀರಿ. ಒಡೆದು ಅಂಟಿಸಿದ ಲೆಕ್ಕ ನಂಬಿ ನಾವು ಗೋಡೆ ಕೆಡವೂದಾ?"

"ನನ್ನನ್ನ ನಂಬೂದು ಬೇಡ" ಎಂದೆ. ದನಿ ಏರಿತು, ಇಳಿಸಲಿಲ್ಲ. "ನಾನು ಸುಳ್ಳುಗಾರ, ಈಗಷ್ಟೇ ಹೇಳಿದೆನಲ್ಲ. ನೆಲ ನಂಬ್ತ್ರಾ? ಹದಿನಾಲ್ಕರಲ್ಲಿ ಯಾವುದು ಬೇಕೋ ನೀವೇ ಆರಿಸಿ. ಅಗೆದು ನೋಡ್ವಾ. ಕಲ್ಲು ಸಿಗಲಿಲ್ಲ ಅಂದ್ರೆ ಇವತ್ತೇ ನಾನು ಅಂಗಡಿಗೆ ಬೀಗ ಹಾಕಿ ಹೋಗ್ತೆ."

"ಏಳನೇದು" ಎಂದರು ಆ ಹಿರಿಯರು ತಟ್ಟನೆ. ಕೆಳಗಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಏಳನೆಯದು ಅವರದೇ ಹಿತ್ತಿಲಲ್ಲಿ ಬರಬೇಕಿತ್ತು.

ಫೈಲುಗಳನ್ನು ತುಂಬಿ ತಂದಿದ್ದ ಪೆನ್‌ಡ್ರೈವನ್ನು ಹುಡುಗಿ ನನ್ನ ಕೈಯಿಂದ ತೆಗೆದುಕೊಂಡಳು. ಇನ್ನೊಬ್ಬರ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅಂಕಿಗಳನ್ನು ನೋಡಿದಳು, ಫೋಟೋಗಳನ್ನು ನೋಡಿದಳು, ಒಂದು ಚೀಟಿಯಲ್ಲಿ ಏನೋ ಕಳೆದು ಕೂಡಿಸಿದಳು. ಮೇಲಿನ ಸಾಲಿನಲ್ಲಿ ಎರಡು ಕಲ್ಲು ಇನ್ನೂ ನೆಲದ ಮೇಲೆ ತಲೆ ಎತ್ತಿಕೊಂಡಿದ್ದವು. ಅವೆರಡರಿಂದ ಟೇಪು ಹಿಡಿದು ಕೆಳಗಿನ ಬದಿಗೆ ಎಳೆದರೆ, ಎರಡೂ ಅಳತೆ ಕೂಡುವ ಒಂದೇ ಜಾಗ ಸಿಗುತ್ತದೆ. ಸಣ್ಣ ಮಳೆಯಲ್ಲಿ ಎಲ್ಲರೂ ಹಿಂದಿನಿಂದ ಬಂದರು. ಟೇಪುಗಳು ಕೂಡಿದ್ದು ಆ ಹಿರಿಯರ ಬಟ್ಟೆ ಒಗೆಯುವ ಕಟ್ಟೆಯ ಈಚೆ, ಅವರ ಕಾಂಪೌಂಡಿನಿಂದ ಎರಡು ಮಾರು ಒಳಗೆ.

ಕೆಳಗಿನ ಸಾಲಿನ ಇಬ್ಬರು ಗುದ್ದಲಿ ಹಾಕಿದರು. ಒಂದು ಮೊಳ. ಬರೇ ಕೆಂಪು ಮಣ್ಣು, ಹೆಂಚಿನ ಚೂರು. ಹಿರಿಯರು ಕೈ ಕಟ್ಟಿ ನಿಂತರು. ಆ ಹದಿನಾರರ ತುಂಡಿನಲ್ಲಿ ಒಂದೇ ಒಂದು ಅಂಕಿ ಅತ್ತಿತ್ತ ಆಗಿದ್ದರೆ?

"ಅಲ್ಲಲ್ಲ. ಇನ್ನೂ ಕೆಳಗೆ" ಎಂದು ಒಂದು ಹೆಂಗಸಿನ ದನಿ. ತೀರಿಹೋದ ಅಜ್ಜರ ಹೆಂಡತಿ. ಸೆರಗು ತಲೆ ಮೇಲೆ ಹೊದ್ದು ಎಲ್ಲರನ್ನೂ ಸರಿಸಿ ಮುಂದೆ ಬಂದಿದ್ದರು. "ಅವ್ರು ಕಲ್ಲು ನೆಡೂವಾಗ ಆಳಕ್ಕೆ ನೆಡೂರು. ಹಾರೆ ಹಾಕ್ರೋ, ಗುದ್ದಲಿ ಎಂತಕೆ?"

ಹಾರೆ ಹಾಕಿದರು. ಎರಡನೆಯ ಏಟಿಗೆ ಠಣ್ ಎಂದಿತು.

ಮಣ್ಣು ಬಿಡಿಸಿದಾಗ ನಾಲ್ಕು ಮೂಲೆಯ ಕಲ್ಲಿನ ತಲೆ ಕಂಡಿತು, ಮೇಲೆ ಕೊರೆದ ಗೀಟು. ಆ ಮುದುಕಿ ಬಗ್ಗಿ ಅದರ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿದರು. ಯಾರನ್ನೂ ಬಯ್ಯಲಿಲ್ಲ.

"ಒಂದು ಸಿಕ್ತು ಅಂತ ಎಲ್ಲಾ ಸರಿ ಆಯ್ತಾ?" ಎಂದರು ಹಿರಿಯರು. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಇನ್ನೂ ಹದಿಮೂರು ಇದೆ ಕಾಕಾ" ಎಂದಳು ಹುಡುಗಿ. "ಎಲ್ಲಾದನ್ನೂ ಅಗೀವಾ. ಇವತ್ತು ಭಾನುವಾರ, ಯಾರಿಗೂ ಕೆಲಸ ಇಲ್ಲ."

ಆಮೇಲೆ ಟೇಪಿನ ತುದಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಕೊಡುವಾಗ ಬೇರೆಯವರಿಗೆ ಕೇಳದ ಹಾಗೆ ಹೇಳಿದಳು: "ಕ್ಷಮಿಸಿದ್ದೇನೆ ಅಂತ ತಿಳೀಬೇಡಿ."

"ತಿಳಿದಿಲ್ಲ."

"ಹಂಗಾರೆ ಬಿಗಿಯಾಗಿ ಹಿಡೀರಿ. ಸಡಿಲ ಬಿಟ್ರೆ ಅಳತೆ ತಪ್ತದೆ."

ನಾನು ಕೆಸರಿನಲ್ಲಿ ಮೊಣಕಾಲೂರಿ, ಟೇಪಿನ ತುದಿಯನ್ನು ಕಲ್ಲಿನ ಗೀಟಿಗೆ ಒತ್ತಿ ಹಿಡಿದೆ. ಅವಳು ಇನ್ನೊಂದು ತುದಿ ಎಳೆದುಕೊಂಡು ಎಂಟನೆಯ ಕಲ್ಲಿನ ಕಡೆ ನಡೆದಳು.